ಉಗಾರದ ಫಡ, ನಮ್ಮ ವೈನಿ ಆವಾಜು

ಮೊನ್ನೆ ಅಥಣಿಯಿಂದ ತವರಮನಿಗೆ ಹೊಂಟಿದ್ದೆ. ಉಗಾರ ಖುರ್ದದ ಹಂತ್ಯಾಕ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬಸ್ಸು ನಿಂತುಬಿಡ್ತು. ಕಿಡಕಿಯಿಂದ ಮೊದಲ ಕಾರ್ಖಾನಿ ಕಾಕಂಬಿ ವಾಸನಿ ಬಂತು. ಅದು ನಮಗ ಹೊಸಾದಲ್ಲ, ಹುಟ್ಟಿದಾಗಿಂದ ಮೂಗಿನ್ಯಾಗ ಕುಂತೈತಿ. ಅದರ ಬೆನ್ನಿಗೇ ಇನ್ನೊಂದು ವಾಸನಿ ಬಂತು ನೋಡ್ರಿ, ಕೆಂಪು ಮಣ್ಣಿಗೆ ಎಣ್ಣಿ, ಮಜ್ಜಿಗಿ, ಅರಿಷಿಣ, ನಿಂಬಿಹಣ್ಣಿನ ರಸ ಹಾಕಿ ಕಲಸಿದ್ದು. ಎಲ್ಲೋ ಕುಸ್ತಿ ಫಡ ಹದಾ ಮಾಡಾಕತ್ತಾರಂತ ನೋಡದನ ಗೊತ್ತಾತು. ಬಾಜೂಕ ಕುಂತಿದ್ದ ಹೆಣ್ಣಮಗಳು ಸೆರಗಿಲೆ ಮೂಗು ಮುಚಗೊಂಡ್ಲು. ನಾ ಇನ್ನಷ್ಟು ಎಳಕೊಂಡೆ. ನಮ್ಮ ವೈನಿ ಅಂಥಾದ್ದೊಂದು ಫಡದ ಬಾಜೂಕ ಕುಂತು ಮಾತಾಡಿದ ಹಂಗಾಮು ಕಣ್ಣ ಮುಂದ ಬಂತು, ಎದಿ ಉಬ್ಬಿತು. ಉಬ್ಬಲಿ ಬಿಡ್ರಿ. ನಮ್ಮ ಮನಿ ಮಂದಿ ಬಗ್ಗೆ ನಾನಽ ಹೇಳದಿದ್ರ ಯಾರು ಹೇಳ್ತಾರ?

ನಮ್ಮ ಕಡೆ ಹಂಗಾಮು ಅಂದ್ರ ಕಬ್ಬು ನುರಿಸೋ ಕಾಲ. ದೀಪಾವಳಿ ಹಿಂದಮುಂದ ಕಾರ್ಖಾನಿ ಚಿಮಣಿ ಹೊಗಿ ಬಿಡಾಕ ಚಾಲೂ ಮಾಡಿದ್ರ ಬ್ಯಾಸಗಿ ಬರೂಮಟಾ ರಸ್ತಾದ ತುಂಬ ಟ್ರ್ಯಾಕ್ಟರು, ಎತ್ತಿನ ಗಾಡಿ, ಗದ್ದಲ. ಕುಸ್ತಿ ಮೈದಾನಗಳೂ ಅದಽ ಕಾಲಕ್ಕ. ನಾ ಹೇಳೋದು ಫೋನಿನ್ಯಾಗ ಇಂಟರ್ನೆಟ್ ಒಮ್ಮಿಗೇ ಸೋವಿ ಆದ ವರ್ಷದ ಮಾತು. ಕಬ್ಬು ಕಡ್ಯಾಕ ಬಂದವರ ಕೈಯಾಗೂ ಕುಸ್ತಿ ವಿಡಿಯೋ. ನನಗ ಆಗ ಮದಿವಿ ಆಗಿರಲಿಲ್ಲ. ಕಾರ್ಖಾನಿ ಗೇಟಿನ ಎದುರಿಗೆ ಸಣ್ಣದೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದೆ. ಝೆರಾಕ್ಸು, ಫೋಟೋ, ಮದಿವಿ ವಿಡಿಯೋ. ದೂರದ ಬೀಗರಿಗೆ ಮದಿವಿ ಲೈವ್ ತೋರಸೂದೂ ಶುರು ಮಾಡಿದ್ದೆ. ನನ್ನ ಸಿಟ್ಟು ಊರಿಗೆ ಗೊತ್ತಿತ್ತು. ಗಿರಾಕಿಗಳು ಬಾಗಲದಾಗ ನಿಂತು ಮೊದಲ ನನ್ನ ಮಾರಿ ನೋಡಿ, ಆಮ್ಯಾಲ ಕೆಲಸ ಹೇಳ್ತಿದ್ರು.

ವೈನಿ ಅಂದ್ರ ನಮ್ಮ ಮಲ್ಲು ಅಣ್ಣನ ಹೇಣ್ತಿ, ಶಾರದಾ. ನಿಪ್ಪಾಣಿ ಕಡೆ ಭೋಜ ಅವರ ತವರು. ಅವರ ಅಪ್ಪ ಪೈಲವಾನರು, ಮನಿ ಹಿತ್ತಲದಾಗ ತಾಲೀಮು, ಅಂದ್ರ ಗರಡಿಮನಿ. ಹುಡುಗಿ ಇದ್ದಾಗ ತಾಲೀಮಿನ ಗ್ವಾಡಿ ಸಂದಿಂದ ಇಣಿಕಿ ನೋಡಿ ನೋಡಿ, ಯಾವ ಡಾವು, ಯಾವ ಪಟ್ಟು ಯಾವಾಗ ಬೀಳ್ತೈತಿ ಅನ್ನೂದು ವೈನಿಗೆ ಬಾಯಿಪಾಠ. ಕನ್ನಡ ಒಂದು ಉಸಿರಿನ್ಯಾಗ, ಮರಾಠಿ ಇನ್ನೊಂದು ಉಸಿರಿನ್ಯಾಗ. ನಮ್ಮ ಅಣ್ಣ ರಾತ್ರಿ ಉಣ್ಣಾಗ ಫೋನಿನ್ಯಾಗ ಕುಸ್ತಿ ಹಚ್ಚಿದ್ರ, ವೈನಿ ರೊಟ್ಟಿ ಬಡಕೋತನ ಒಂದು ಕಣ್ಣು ಅತ್ಲಾಗ ಇಟ್ಟು ಹೇಳ್ತಿದ್ರು: "ಹೋತು ಬಿಡ್ರಿ, ಎಡಗಾಲು ಮುಂದ ಇಟ್ಟ. ಈಗ ಇನ್ನೊಬ್ಬಂವ ಪಟ ಎಳೀತಾನ ನೋಡ್ರಿ." ಹೇಳಿ ಬಾಯಿ ಮುಚ್ಚೂದರೊಳಗ ಅಂವ ಕಾಲು ಎಳದು ಕೆಡವಿರ್ತಿದ್ದ. ಫೋನಿನ್ಯಾಗ ನಿವೇದನೆ, ಅಂದ್ರ ಕುಸ್ತಿ ಕಾಮೆಂಟ್ರಿ, ಹೇಳೋ ಬಾಪೂ ಮಾಸ್ತರು ಅದನ್ನ ಆಮ್ಯಾಲ ಹೇಳ್ತಿದ್ರು.

"ವೈನಿ, ಇದನ್ನ ರೊಟ್ಟಿಗೆ ಯಾಕ ಹೇಳ್ತೀರಿ? ಲೈವ್ನ್ಯಾಗ ಮಂದಿಗೆ ಹೇಳ್ರಿ" ಅಂದೆ ಒಂದಿನ.

"ಏ ಹೋಗ, ಚಾಷ್ಟಿ ಮಾಡಬ್ಯಾಡ" ಅಂದ್ರು. ಆದ್ರ ರೊಟ್ಟಿ ಹೊತ್ತಿದ್ದು ಅವರಿಗೆ ತಿಳೀಲೇ ಇಲ್ಲ.

ಉಗಾರದ ಮೈದಾನ ನಡಸೋ ಕಮಿಟಿಗೆ ತಾತ್ಯಾ ಹಿರ್ಯಾ. ಕಾರ್ಖಾನಿ ಕಬ್ಬಿನ ಯಾರ್ಡಿನ್ಯಾಗ ಮುಕಾದಮ ಆಗಿ ಜಲ್ಮ ಸವೆಸಿದ ಮನಷ್ಯಾ, ಮಾತು ಕಡಿಮಿ. ವೈನಿಗೆ ಕುಸ್ತಿ ಹೇಳಾಕ ಬಿಡ್ರಿ ಅಂತ ನಾನು ಅಣ್ಣ ಕೂಡಿ ಹೋಗಿ ಕೇಳಿದ್ವಿ. ತಾತ್ಯಾ ಭಾಳೊತ್ತು ಎಲಿ ಅಡಕಿ ಜಗದು, ಆಮ್ಯಾಲ ಹೇಳಿದ: "ನೋಡವ್ವಾ, ಫಡದ ಹಗ್ಗದೊಳಗ ಹೆಂಗಸ್ರು ಬರೂದು ನಮ್ಮಲ್ಲಿಲ್ಲ. ಭೋಂಗಾದಾಗ ಬಾಪೂ ಮಾಸ್ತರ್ ಹೇಳ್ತಾರ. ನೀವು ಹಗ್ಗದ ಹೊರಗ ಕುಂತು ಆ ನಿಮ್ಮ ಕಂಪ್ಯೂಟರ್ನ್ಯಾಗ ಏನರ ಹೇಳ್ಕೋರಿ. ಮಂದಿಗೆ ಸೇರಿದ್ರ ಮುಂದಿನದು ಮುಂದ. ಸೇರಲಿಲ್ಲಂದ್ರ ಈ ಮಾತು ಮತ್ತ ನನ್ನ ಮುಂದ ಎತ್ತಬ್ಯಾಡ್ರಿ."

ಅಂದ್ರ ಏನಾತು? ಭೋಂಗಾ ಅಂದ್ರ ಮೈದಾನದ ದೊಡ್ಡ ಸ್ಪೀಕರು, ಅದರಾಗ ವೈನಿ ಆವಾಜು ಇಲ್ಲ. ಮೈದಾನದಾಗ ಇಲ್ಲ. ಇದ್ರ ನನ್ನ ಲೈವ್ನ್ಯಾಗ ಅಷ್ಟ. ಅದು ಮಂದಿ ಕಿವಿಗೆ ಮುಟ್ಟಲಿಲ್ಲಂದ್ರ ವೈನಿ ಮಾತಾಡೇ ಇಲ್ಲ ಅಂದಂಗ. ಇರೋದೂ ಒಂದಽ ಅವಕಾಶ. ನನಗ ಅವತ್ತಿನಿಂದ ಊಟ ಸೇರಲಿಲ್ಲ.

ಉಗಾರದಕ್ಕಿಂತ ಮೊದಲ ಸಣ್ಣ ಮೈದಾನದಾಗ ಕೈ ಪಳಗಿಸ್ಕೋಬೇಕಂತ ಭೋಜಕ್ಕ ಹೋದ್ವಿ. ವೈನಿ ತವರು, ಕೇಳೋರಿಲ್ಲ ಹೇಳೋರಿಲ್ಲ. ಕರೆಂಟು ಮಾತ್ರ ಹೊಲದ ಮೋಟಾರ್ ಶೆಡ್ಡಿನಿಂದ ತಂದಿದ್ರು. ಆ ಶೆಡ್ಡುಗಳ ಹಣೇಬಾರ ನಿಮಗ ಗೊತ್ತಿರಬೇಕು. ಒಂದು ತಂತಿ ಕಂಬದಿಂದ, ಇನ್ನೊಂದರ ಬದಲಿ ನೆಲಕ್ಕ ಬಡದ ಕಬ್ಬಿಣದ ಸಳಿ. ದೀವಿಗಿ ಹತ್ತತಾವ, ಅಷ್ಟಕ್ಕ ಮಂದಿ ಖುಷಿ. ನಾ ಕಂಪ್ಯೂಟರಿಗೆ ಚಾರ್ಜರ್ ಚುಚ್ಚಿ ಹೆಡ್‌ಫೋನ್ ಹಾಕ್ಕೊಂಡ್ನೋ ಇಲ್ಲೋ, ಕಿವ್ಯಾಗ "ಗುಂಂಂಯ್" ಅಂತ ದೊಡ್ಡ ದುಂಬಿ. ವೈನಿ ಮಾತೆಲ್ಲಾ ಅದರೊಳಗ ಮುಳಗಿ ಹೋಗಿತ್ತು. ಮೈಕ್ ಬದಲಿ ಮಾಡಿದೆ, ಹೋಗವಲ್ದು. ವೈನಿ ಅಪ್ಪ ಒಂದು ಕೊಡ ನೀರು ತಂದು ಆ ಸಳಿ ಬುಡಕ್ಕ ಸುರುವಿದ್ರು. ಸಳಿಗೆ ನೀರಡಿಕಿ ಆಗೇತಿ ಅಂತ ಅವರ ಲೆಕ್ಕ. ಗುಂಯ್ ಅನ್ನೂದು ಅರ್ಧ ಕಡಿಮಿ ಆತು, ಖರೇನ. ಸಿಟ್ಟಿಗೆದ್ದು ಚಾರ್ಜರ್ ಕಿತ್ತೇ ಒಗದೆ. ಪೂರ್ತಿ ಬಂದಾತು! ಹಂಗಾರ ಕೊಳಿ ಬರಾಕತ್ತಿದ್ದು ಆ ಕರೆಂಟಿನಿಂದ. ಅವತ್ತಿನ ಮೈದಾನ ಪೂರಾ ಬ್ಯಾಟರಿ ಮ್ಯಾಲ ನಡಸಿದೆ. ಮುಂದ ಎಲ್ಲಿಗೆ ಹೋದ್ರೂ ಮೊದಲ ಅಲ್ಲಿ ನೆಲದ ಸಳಿ ನೋಡಿ, ಆಮ್ಯಾಲ ಪೈಲವಾನರ ಮಾರಿ ನೋಡ್ತಿದ್ದೆ.

ಎರಡನೇದು ರಾಯಬಾಗ ತಾಲೂಕಿನ ಅಲಖನೂರು. ಅಲ್ಲಿ ಆವಾಜು ಸ್ವಚ್ಛ ಇತ್ತು, ಆದ್ರ ಅವಸರ ಮಾಡ್ತಿತ್ತು. ಕ್ಯಾಮರಾದ ಚಿತ್ರ ಕಂಪ್ಯೂಟರಿಗೆ ಬರೂದು ಒಂಚೂರು ತಡ, ಮೈಕಿನ ಆವಾಜು ಹಂಗಲ್ಲ, ಓಡಿ ಬಂದು ಮುಂದ ನಿಂತಿರ್ತೈತಿ. ಅದು ನನಗ ಗೊತ್ತಿರಲಿಲ್ಲ. ವೈನಿ "ಚಿತ್!" ಅಂತ ಒದರಿದಾಗ ಲೈವ್ನ್ಯಾಗ ಪೈಲವಾನ ಇನ್ನೂ ನೆಟ್ಟಗ ನಿಂತಿರ್ತಿದ್ದ. ಒದರಿದ ಮ್ಯಾಲ ಬೀಳ್ತಿದ್ದ. ನೋಡೋ ಮಂದಿ ಮೊದಲ ನಕ್ಕರು, ಆಮ್ಯಾಲ ಕೆಳಗ ಬರಿಯಾಕ ಚಾಲೂ ಮಾಡಿದ್ರು: "ಈ ಅಕ್ಕಗ ಮೊದಲ ಹೆಂಗ ತಿಳೀತೈತಿ? ಕುಸ್ತಿ ಮೊದಲಽ ಠರಾವ್ ಆಗೇತೇನು?" ಸೋತ ಪೈಲವಾನನ ದೋಸ್ತರಂತೂ ಜಗಳಕ್ಕ ಬಂದ್ರು. ವೈನಿ ನಗೂದಾ ಅಳೂದಾ ತಿಳೀದ ನನ್ನ ಮಾರಿ ನೋಡಿದ್ರು. ನಾ ಅವರನ್ನ ಕ್ಯಾಮರಾ ಮುಂದ ನಿಂದ್ರಿಸಿ ಚಪ್ಪಾಳಿ ಹೊಡ್ಯಾಕ ಹಚ್ಚಿದೆ. ಕೈ ಕೂಡೂದು ಆವಾಜು ಬರೂದು ಒಂದಽ ಆಗೂಮಟಾ ಆವಾಜಿಗೆ ಲಗಾಮು ಹಾಕೋತ, ಒಂಚೂರು ಹಿಂದ, ಇನ್ನೊಂಚೂರು ಹಿಂದ ಸರಸಿದೆ. ಕೂಡಿ ಬಂದಾಗ ವೈನಿ ಕೈ ಕೆಂಪಗಾಗಿದ್ವು. "ಇಷ್ಟು ಚಪ್ಪಾಳಿ ನಾನಽ ಹೊಡದ್ರ ಮಂದಿಗೆ ಏನು ಉಳಸಿದಿ?" ಅಂದ್ರು.

ಇನ್ನ ಉಗಾರ. ಕಾರ್ಖಾನಿ ಹಿಂದಿನ ದೊಡ್ಡ ಮೈದಾನ, ಕೃಷ್ಣಾ ಹೊಳಿ ಗಾಳಿ, ಮಟಮಟ ಮಧ್ಯಾಹ್ನ. ಹಗ್ಗದ ಹೊರಗ ಅಣ್ಣ ತನ್ನ ಕಬ್ಬಿನ ಟ್ರಾಲಿ ತಂದು ನಿಂದ್ರಿಸಿ ಮ್ಯಾಲ ತಾಡಪತ್ರಿ ಕಟ್ಟಿದ್ದ. ಅದಽ ನಮ್ಮ ಸ್ಟುಡಿಯೋ. ಭೋಂಗಾದ ಗದ್ದಲದಾಗ ವೈನಿ ಮಾತು ಎದ್ದು ಕೇಳಲಿ ಅಂತ ಮಿರಜಿನಿಂದ ಹಳೇ ಮಿಕ್ಸರ್ ಒಂದು ತಂದಿದ್ದೆ. ನಾಟಕದ ಮಂದಿ ಇಟ್ಕೊಂಡಿದ್ದ ಗಟ್ಟಿ ಸಾಮಾನು. ಅದರ ಜೋಡಿ ಬಂದ ದಪ್ಪ ಕರೀ ವಾಯರಿನ ಒಂದು ತುದಿ ಮಿಕ್ಸರಿಗೆ, ಇನ್ನೊಂದು ತುದಿ ಕಂಪ್ಯೂಟರಿಗೆ. ಹಲಗಿ ಬಾರಸೂದು, ಮಂದಿ ಗದ್ದಲ ಕ್ಯಾಮರಾದ ಮೈಕಿನಿಂದ ಬೇರೆ ಬರ್ತಿತ್ತು. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರ, ಆಹಾ, ವೈನಿ ನನ್ನ ತಲಿಯೊಳಗ ಕುಂತು ಮಾತಾಡಿದಂಗ. ಕೊಳಿ ಇಲ್ಲ, ಅವಸರ ಇಲ್ಲ. ವೈನಿ ಹಸರು ಇಳಕಲ್ ಸೀರಿ ಉಟ್ಟು, ಮೈಕ್ ಹಿಡದು, ಸಣ್ಣ ಕುಸ್ತಿಗಳನ್ನ ಹೇಳಾಕತ್ತಿದ್ರು. ನಾ ಮೀಸಿ ಇದ್ದಿದ್ರ ತಿರವ್ತಿದ್ದೆ.

ಅಷ್ಟ್ರಾಗ ಅವ್ವನ ಫೋನು. ಓಣಿ ಹೆಂಗಸ್ರನ್ನೆಲ್ಲ ಕೂಡಿಸ್ಕೊಂಡು ಕುಂತಿದ್ಲು. ನಮ್ಮಲ್ಲಿ ಲೈವ್ ನೋಡೂದಂದ್ರ ಒಬ್ಬೊಬ್ರ ಅಲ್ಲ, ಇಡೀ ಪಡಸಾಲಿ. ಫೋನು ತಂದು ಸ್ಟೀಲ್ ಚರಗಿಯೊಳಗ ನಿಂದ್ರಸ್ತಾರ, ಆವಾಜು ದೊಡ್ಡದಾಕ್ಕೈತಿ, ಸುತ್ತ ಹತ್ತು ಮಂದಿ ಕುಂದ್ರತಾರ.

"ಏ ಸುವ್ವಿ, ಹಲಗಿ ಕೇಳ್ತೈತಿ, ಮಂದಿ ಕೇಕಿ ಹಾಕೂದು ಕೇಳ್ತೈತಿ. ನಮ್ಮ ಶಾರದಾನ ಆವಾಜು ಬರವಲ್ದು. ಅಕಿ ಬಾಯಿ ತಗದಾಳೋ ಇಲ್ಲೋ?"

"ತಗದಾರ ಯವ್ವಾ! ನಿನ್ನ ಫೋನು ಹಾಳಾಗೇತಿ" ಅಂತ ಒದರಿ ಇಟ್ಟೆ. ಆದ್ರ ಲೈವ್ ಕೆಳಗೂ ಅದಽ ಬರಾಕತ್ತಿತ್ತು. "ಆವಾಜ್ ಇಲ್ಲ." "ಆವಾಜ ಯೇತ ನಾಹೀ." "ಅಕ್ಕ ಬರೇ ಬಾಯಿ ಅಲ್ಲಾಡಸ್ತಾಳ." ನನ್ನ ಕಂಪ್ಯೂಟರಿನ್ಯಾಗ ನೋಡಿದ್ರ ಆವಾಜಿನ ಹಸರು ಪಟ್ಟಿ ಕುಣ್ಯಾಕತ್ತೈತಿ. ಹೆಡ್‌ಫೋನಿನ್ಯಾಗ ವೈನಿ ಖಣಖಣ. ಆವಾಜು ಏರಿಸಿದೆ. ಮೈಕಿನ ವಾಯರ್ ಬದಲಿಸಿದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತ ಚಾಲೂ ಮಾಡಿದೆ. ಅದಽ ರಾಮಾಯಣ. ಸಾಂಗ್ಲಿ ಹಾಸ್ಟೆಲಿನ್ಯಾಗಿದ್ದ ನಮ್ಮ ಮಾವಶಿ ಮಗಳು ದೀಪಾಗ ಫೋನ್ ಹಚ್ಚಿದೆ. "ಏ, ಮಸ್ತ್ ಬರಾಕತ್ತೈತಿ! ವೈನಿ ಜಬರದಸ್ತ್!" ಅಂದ್ಲು. ಅಕಿಗೆ ಕೇಳ್ತೈತಿ, ಅವ್ವಗ ಕೇಳಂಗಿಲ್ಲ. ಇದೇನು ಮಾಟಾ ಮಾಡ್ಯಾರೇನಪಾ ಶಿವನೇ?

ತಾತ್ಯಾ ಟ್ರಾಲಿ ಹಂತ್ಯಾಕ ಬಂದ. ಹಿಂದ ಫೋನ್ ಹಿಡಕೊಂಡ ನಾಕು ಮಂದಿ, ಹಲ್ಲು ಕಿಸಗೋತ. "ತಾತ್ಯಾ, ಮೈಕ್ ಕೈಯಾಗ ಬಂದಕೂಡ್ಲೆ ಹೆಣ್ಣಮಗಳ ಬಾಯಿ ಕಟ್ಟೇತಿ" ಅಂತ ಒಬ್ಬ. "ಮನ್ಯಾಗ ಗಂಡನ ಮುಂದ ಅಷ್ಟ ನಡೀತೈತಿ" ಅಂತ ಇನ್ನೊಬ್ಬ. ನನಗ ಎದ್ದು ಅವನ ಬುರಡಿ ಬಡೀಬೇಕನಸ್ತು.

ತಾತ್ಯಾ ನಗಲಿಲ್ಲ. "ದೊಡ್ಡ ಕುಸ್ತಿ ಹಿಡ್ಯೂದರೊಳಗ ಸರಿ ಆಗ್ಬೇಕು ನೋಡವ್ವಾ. ಇಲ್ಲಂದ್ರ ಬಾಪೂ ಮಾಸ್ತರ್ನ ಆವಾಜು ನಿನ್ನ ಲೈವಿಗೆ ಹಾಕಿಬಿಡು. ಮಂದಿ ದೂರಿಂದ ನೋಡಾಕತ್ತಾರ, ಮೈದಾನದ ಹೆಸರು ಕೆಡಬಾರದು" ಅಂದ, ಹೋದ.

ವೈನಿ ಮೈಕಿನ ಮ್ಯಾಲ ಕೈ ಮುಚ್ಚಿದ್ರು. "ಸುವ್ವಿ, ನನ್ನ ಮಾತು ಖರೇನ ಹೋಗಾಕತ್ತೈತೇನ?"

"ಹೋಗಾಕತ್ತೈತ್ರಿ ವೈನಿ. ಎಲ್ಲೋ ದಾರ್ಯಾಗ ಸಿಕ್ಕೊಂಡೈತಿ."

"ಹಂಗಾರ ನಾ ಮಾತಾಡೂದು ನಿಂದ್ರಸಂಗಿಲ್ಲ. ದಾರಿ ನೀ ನೋಡು" ಅಂದ್ರು. ಕೈ ತಗದು ಮತ್ತ ಫಡದ ಕಡೆ ತಿರಗಿ ಹೇಳಾಕ ಚಾಲೂ ಮಾಡಿದ್ರು. ಯಾರಿಗೂ ಕೇಳಸಂಗಿಲ್ಲಂತ ಗೊತ್ತಿದ್ದೂ ಒಂದು ಡಾವು ಬಿಡದ, ಒಂದು ಹೆಸರು ತಪ್ಪದ ಹೇಳಿದ್ರು. ಆ ಧೈರ್ಯ ನಾ ಯಾವ ಪೈಲವಾನನೊಳಗೂ ಕಂಡಿಲ್ಲ.

ಅಣ್ಣ ಓಡಿ ಬಂದ. ಅವನ ಫೋನಿನ್ಯಾಗೂ ಹಲಗಿ ಅಷ್ಟ, ವೈನಿ ಇಲ್ಲ. "ಕೊಡಿಲ್ಲೆ" ಅಂತ ಕಸ್ಕೊಂಡು ಕಿವಿಗೆ ಹಿಡದೆ. ಇಲ್ಲ. ಮೈದಾನದ ಗದ್ದಲಕ್ಕ ಸರಿ ಕೇಳವಲ್ದಂತ ನನ್ನ ಹೆಡ್‌ಫೋನು ಕಂಪ್ಯೂಟರಿನಿಂದ ಕಿತ್ತು ಅವನ ಫೋನಿಗೆ ಚುಚ್ಚಿದೆ. ವೈನಿ ಬಂದ್ರು! ಪೂರಾ! ಕಿತ್ತೆ, ಹೋದ್ರು. ಚುಚ್ಚಿದೆ, ಬಂದ್ರು. ಅದಽ ಫೋನು, ಅದಽ ಲೈವು. ಅಣ್ಣ ನನಗ ತಲಿ ಕೆಟ್ಟೈತಿ ಅನ್ನೋಹಂಗ ನೋಡಾಕತ್ತಿದ್ದ.

ದೀಪಾ ಹಾಸ್ಟೆಲಿನ್ಯಾಗ ಕೇಳೂದು ಕಿವ್ಯಾಗ ಹೆಡ್‌ಫೋನ್ ಇಟ್ಕೊಂಡು, ಬಾಜೂದವರಿಗೆ ತ್ರಾಸ ಆಗಬಾರದಂತ. ಅವ್ವ ಕೇಳೂದು ಚರಗ್ಯಾಗ ಇಟ್ಟು. ಕಿವಿಯೊಳಗ ಹಾಕ್ಕೊಂಡವರಿಗೆ ಎರಡು ಕಿವಿಗೆ ಎರಡು ಆವಾಜು, ಬ್ಯಾರೆ ಬ್ಯಾರೆ. ಫೋನಿನ ಸ್ಪೀಕರು ಒಂದಽ. ಅಲ್ಲಿ ಎಡಗಿವಿದು ಬಲಗಿವಿದು ಎರಡೂ ಒಂದ್ರಾಗ ಕೂಡ್ತಾವ. ಅಂದ್ರ ಕೂಡಿದಾಗ ಸಾಯಾಕತ್ತೈತಿ! ಹೆಡ್‌ಫೋನಿನ ಒಂದು ಬುಡ್ಡಿ ಕಿವಿಯಿಂದ ತಗದು ಕೇಳಿದೆ, ಬರೇ ಎಡಗಡೆದು, ಆವಾಜು ಗಟ್ಟಿ. ಬರೇ ಬಲಗಡೆದು, ಅದೂ ಗಟ್ಟಿ. ಆಗ ಆ ದಪ್ಪ ಕರೀ ವಾಯರಿನ ಮ್ಯಾಲ ಕಣ್ಣು ಬಿತ್ತು.

ಆಮ್ಯಾಲ ತಿಳಕೊಂಡಿದ್ದನ್ನ ಇಲ್ಲೇ ಹೇಳಿಬಿಡ್ತೀನಿ. ನಾಟಕದ ದೊಡ್ಡ ಮಿಕ್ಸರುಗಳು ಉದ್ದ ವಾಯರಿನ್ಯಾಗ ಒಂದಽ ಆವಾಜನ್ನ ಎರಡು ತಂತಿಗುಂಟ ಕಳಸ್ತಾವ, ಒಂದರಾಗ ನೆಟ್ಟಗ, ಇನ್ನೊಂದರಾಗ ತಿರಮುರ ಮಾಡಿ. ದಾರ್ಯಾಗ ಹತ್ತಿದ ಕೊಳಿ ಹೋಗ್ಲಿ ಅಂತ. ಆ ತುದಿಯೊಳಗಿನ ದೊಡ್ಡ ಮಿಷಿನ್ನು ತಿರಮುರ ಇದ್ದದ್ದನ್ನ ಸೀದಾ ಮಾಡ್ಕೋತೈತಿ. ನನ್ನ ಕಂಪ್ಯೂಟರಿಗೆ ಅಷ್ಟು ಶಾಣ್ಯಾತನ ಎಲ್ಲಿದು? ಒಂದು ಎಡಗಿವಿ, ಇನ್ನೊಂದು ಬಲಗಿವಿ ಅಂತ ತಿಳಕೊಂಡು ಹಂಗಽ ಮುಂದ ಕಳಿಸಿತ್ತು.

ಅವತ್ತು ನನಗ ಇಷ್ಟು ಗೊತ್ತಿರಲಿಲ್ಲ. ವೈನಿಗೆ ಹೇಳಿದ್ದು ಇಷ್ಟ: "ವೈನಿ, ಈ ವಾಯರಿನ್ಯಾಗ ಎರಡು ತಂತಿ ಅದಾವು. ಒಂದು ಅತ್ಲಾಗ ಒತ್ತತೈತಿ, ಇನ್ನೊಂದು ಇತ್ಲಾಗ ಒತ್ತತೈತಿ. ಎರಡಕ್ಕೂ ಸರಿಸಮ ಬಲ. ಅದಕ್ಕ ಆವಾಜು ಅಲ್ಲಾಡವಲ್ದು."

ವೈನಿ ಮೈಕ್ ಮುಚ್ಚಿ, ಕಣ್ಣು ಫಡದಿಂದ ತಗೀದನ ಅಂದ್ರು: "ಬರಾಬರಿ ಜೋಡ ಬಿದ್ದೈತಿ. ಹೊತ್ತು ಮುಣಗಿದ್ರೂ ಬಗೀಹರಿಯೂದಿಲ್ಲ ಅದು. ಒಬ್ಬನ್ನ ಫಡದಿಂದ ಹೊರಗ ಹಾಕು."

ಫಡದಾಗ ದೊಡ್ಡ ಕುಸ್ತಿಯ ಪೈಲವಾನರು ಆಗಲೇ ಇಳದು ಮೈಗೆ ಮಣ್ಣು ಹಚಗೋಳಾಕತ್ತಿದ್ರು. ತಾತ್ಯಾ ನನ್ನ ಕಡೆನ ನೋಡಾಕತ್ತಿದ್ದ. ಕತ್ರಿ ಇಲ್ಲ, ಪಕ್ಕಡ ಇಲ್ಲ. ಟ್ರಾಲ್ಯಾಗ ಕಬ್ಬು ಕಡಿಯೋ ಕೊಯ್ತಾ ಬಿದ್ದಿತ್ತು. ವಾಯರಿನ ಮ್ಯಾಲಿನ ಕರೀ ತೊಗಲು ಹಲ್ಲಿಲೆ ಸುಲದೆ. ಒಳಗ ಕೆಂಪು ಒಂದು, ಬಿಳೀದೊಂದು. ಅಣ್ಣಗ ಅಂದೆ, "ಬಿಳೀದಕ್ಕ ಹಾಕು. ಕೆಂಪಿಗೆ ತಾಗಿದ್ರ ನಿನ್ನ ಬಿಡಂಗಿಲ್ಲ ನೋಡು." ವರ್ಷಾನುಗಟ್ಲೆ ಕಬ್ಬು ಕಡದ ಕೈ ಅದು. ಕೊಯ್ತಾದ ತುದೀಲೆ ಬಿಳೀ ತಂತಿ ಒಂದನ್ನಽ ಟಿಕ್ ಅನ್ಸಿದ. ಹೆಡ್‌ಫೋನು ಕಂಪ್ಯೂಟರಿಗೆ ಹಾಕಿ ಕೇಳಿದ್ರ ವೈನಿ ಬಲಗಿವಿಯಿಂದ ಹೋಗಿ ಎಡಗಿವಿಯಾಗ ಅಷ್ಟ ಉಳದಿದ್ರು. ಅಣ್ಣನ ಫೋನು ಇಬ್ರ ನಡುವ ಇಟ್ಕೊಂಡು ಕುಂತ್ವಿ. ಲೈವ್ ಮುಟ್ಟಾಕ ಅರ್ಧ ನಿಮಿಷ ಬೇಕು. ಅಷ್ಟು ಉದ್ದ ಅರ್ಧ ನಿಮಿಷ ನಾ ಮುಂದ ಎಂದೂ ಕಂಡಿಲ್ಲ. ಹಲಗಿ, ಗದ್ದಲ, ಹಲಗಿ. ಆಮ್ಯಾಲ ಸಣ್ಣ ಸ್ಪೀಕರಿನಿಂದ ನಮ್ಮ ವೈನಿ: "ಒಬ್ಬನ್ನ ಫಡದಿಂದ..." ಅಲ್ಲ, ಅದು ಮೈಕ್ ಮುಚ್ಚಿ ಅಂದಿದ್ರಲ್ಲಾ, ನನ್ನ ತಲ್ಯಾಗ ಅದಽ ಗುಂಯ್ಗುಡತಿತ್ತು. ಫೋನಿನ್ಯಾಗ ಬಂದದ್ದು ಇದು: "ದೊಡ್ಡ ಕುಸ್ತಿ ನಿಂತೈತ್ರಿ ಮಂಡಳಿ, ಸಲಾಮಿ ಆತು, ಕೈ ಕೂಡಿದ್ವು!" ಅಣ್ಣ ಹೇಣ್ತಿ ಆವಾಜು ಕೇಳಿ ಕೊಯ್ತಾ ಹಿಡಕೊಂಡೇ ಕುಣದ.

ಕುಸ್ತಿ ಭಾಳೊತ್ತು ನಡೀತು. ಒಬ್ಬ ನಮ್ಮ ಕಾಗವಾಡ ಕಡೆಯಂವ, ಒಬ್ಬ ಸಾಂಗ್ಲಿ ಕಡೆಯಂವ. ಭೋಂಗಾದಾಗ ಬಾಪೂ ಮಾಸ್ತರು "ಅಟೀತಟಿ ನಡದೈತಿ, ಒಬ್ಬರೂ ಬಗ್ಗವಲ್ರು, ಹಲಗಿ ಬಾರಸ್ರೋ" ಅಂತ ಹುರುಪು ತುಂಬಾಕತ್ತಿದ್ರು. ವೈನಿ ದನಿ ಸಣ್ಣದು ಮಾಡಿದ್ರು. "ಸಾಂಗ್ಲಿ ಪೈಲವಾನನ ಬಲಗಾಲು ನೋಡ್ರಿ. ಭಾರ ಎಲ್ಲಾ ಹಿಮ್ಮಡದ ಮ್ಯಾಲ ಬಂದೈತಿ. ದಣದಾನ, ತೋರಸಗೊಡವಲ್ಲ. ನಮ್ಮಂವ ಅವಸರ ಮಾಡಬಾರದು. ಇನ್ನೊಮ್ಮಿ ಒತ್ತಲಿ. ಹಾಂ, ಈಗ ನಮ್ಮಂವನ ಕೈ ಲಂಗೋಟಿಗೆ ಹೋತು, ಘಿಸ್ಸಾ ಹಾಕ್ತಾನ. ಹಾಕಿದ! ಚಿತ್! ಬೆನ್ನು ಮಣ್ಣಿಗೆ ಹತ್ತಿತ್ರಿ, ಆಕಾಶ ಕಂಡಿತು!"

ಮೈದಾನ ಎದ್ದು ಕುಣೀತು. ಟೋಪಿ ಹಾರಿದ್ವು, ಗುಲಾಲು ಹಾರಿತು. ಸದ್ದು ಇಳಿಯೂ ಹೊತ್ತಿಗೆ, ಅರ್ಧ ನಿಮಿಷ ತಡ ಮಾಡಿ, ಇನ್ನೊಂದು ಚಾಲೂ ಆತು. ಮಂದಿ ಅಂಗಿ ಕಿಸೇದಾಗ, ಕೈಯಾಗ, ಮೋಟಾರ್‌ಸೈಕಲ್ ಮ್ಯಾಲ ಲೈವ್ ಹಚ್ಚಿಟ್ಟಿದ್ದ ಫೋನುಗಳೆಲ್ಲ ಒಂದೊಂದಽ ಬಾಯಿ ಬಿಟ್ವು: "ಬಲಗಾಲು ನೋಡ್ರಿ... ದಣದಾನ, ತೋರಸಗೊಡವಲ್ಲ..." ಒಬ್ಬೊಬ್ರು ಸುಮ್ಕಾಗಿ ಬಗ್ಗಿ ಕೇಳಿದ್ರು. ಕಣ್ಣಾರೆ ನೋಡಿದ ಕುಸ್ತೀನ ಕಿವಿಯಿಂದ ಮತ್ತೊಮ್ಮಿ ನೋಡಿದ್ರು. ಸುತ್ತಲೂ "ಚಿತ್!" ಅಂದಾಗ ಎರಡನೇ ಸಲ ಚಪ್ಪಾಳಿ ಬಿತ್ತು. ಈ ಸಲದ ಚಪ್ಪಾಳಿ ಪೈಲವಾನಗ ಅಲ್ಲ.

ಬಾಪೂ ಮಾಸ್ತರು ಮೈಕ್ ಕೆಳಗಿಟ್ಟು ಯಾರದೋ ಫೋನಿಗೆ ಕಿವಿ ಹಚ್ಚಿದ್ರು. ಆಮ್ಯಾಲ ಭೋಂಗಾದಾಗ ಹೇಳಿದ್ರು: "ಮಂಡಳಿ, ಆ ಬಲಗಾಲು ನನಗ ಕಂಡಿರಲಿಲ್ಲ. ಆ ತಂಗಿಗೆ ಕಂಡೈತಿ." ದೊಡ್ಡ ಮನಸ್ಸಿನ ಮನಷ್ಯಾ.

ತಾತ್ಯಾ ಟ್ರಾಲಿ ಹಂತ್ಯಾಕ ಬಂದು ವೈನಿ ಮುಂದ ನಿಂತ. "ಏಳವ್ವಾ, ಹಗ್ಗ ದಾಟಿ ಒಳಗ ಸ್ಟೇಜಿಗೆ ಬಾ. ಉಳದ ಕುಸ್ತಿ ನೀನಽ ಹೇಳು."

ವೈನಿ ಎದ್ದು ನಿಂತು ಸೆರಗು ಸರಿ ಮಾಡ್ಕೊಂಡ್ರು, ಆದ್ರ ಇಳೀಲಿಲ್ಲ. "ತಪ್ಪ ತಿಳಕೋಬ್ಯಾಡ್ರಿ ತಾತ್ಯಾ. ಈ ಲೈವ್ನ್ಯಾಗ ದೂರ ಕುಂತು ಕೇಳಾಕತ್ತವರು ಅದಾರ. ಈಗ ಅಷ್ಟ ಅವರಿಗೆ ನನ್ನ ಆವಾಜು ಮುಟ್ಟೈತಿ. ಬಿಟ್ಟು ಹೆಂಗ ಬರ್ಲಿ?"

ತಾತ್ಯಾ ಭೋಂಗಾದವರ ಕಡೆ ತಿರಗಿ ಒದರಿದ: "ವಾಯರ್ ಇಲ್ಲಿಗೆ ಎಳೀರೋ! ಟ್ರಾಲಿಗೆ!"

ಫಡದ ಹಗ್ಗ ದಾಟಿಸಿ, ಮಂದಿ ಕಾಲೊಳಗಿಂದ ವಾಯರ್ ಎಳಕೊಂಡು ಬಂದ್ರು. ನನ್ನ ಮಿಕ್ಸರಿಗೆ ಹಚ್ಚಿದ ಕೂಡ್ಲೆ ಭೋಂಗಾ "ಕುಂಯ್ಯ್ಯ್" ಅಂತ ಕಿವಿ ಹರಕೊಂಡು ಹೋಗೂಹಂಗ ಒದರಿತು. ಭೋಂಗಾದ ಆವಾಜು ವೈನಿ ಮೈಕಿಗೇ ತಿರಗಿ ಬರಾಕತ್ತಿತ್ತು. ನಾ ಟ್ರಾಲಿ ಮ್ಯಾಲ ಎದ್ದು ನಿಂತು, ಸೊಂಟಕ್ಕ ಸೆರಗು ಕಟ್ಟಿ, "ಏ, ಆ ಭೋಂಗಾ ಹೊಳಿ ಕಡೆ ತಿರಗಸ್ರೋ, ಹಲ್ಲು ಏನು ಕಿಸೀತೀರಿ!" ಅಂತ ಅದಕ್ಕಿಂತ ಜೋರು ಒದರಿದೆ. ಆಗಿನ ಹಲ್ಲು ಕಿಸದ ಮಂದಿನಽ ಹೋಗಿ ಅದನ್ನ ತಿರಗಸಿದ್ರು. ಮೈದಾನ ತಣ್ಣಗಾತು. ನಾ ವೈನಿಗೆ ಕೈಸನ್ನಿ ಮಾಡಿದೆ.

"ನಮಸ್ಕಾರ್ರಿ ಮಂಡಳಿ. ನಾನು ಶಾರದಾ, ತವರು ಭೋಜ, ಮನಿ ಉಗಾರ" ಅಂದ್ರು ವೈನಿ. ಆವಾಜು ಮೈದಾನ ದಾಟಿ, ಕಬ್ಬಿನ ಯಾರ್ಡು ದಾಟಿ, ಹೊಳೀತನಕ ಹೋತು. "ಮುಂದಿನ ಜೋಡ ಫಡಕ್ಕ ಬರ್ಲಿ."

ಇಬ್ರು ಪೈಲವಾನರು ಎದ್ರು. ಮಣ್ಣು ಮುಟ್ಟಿ ಹಣಿಗೆ ಹಚಗೊಂಡ್ರು, ನಮ್ಮ ಟ್ರಾಲಿ ಕಡೆ ತಿರಗಿ ಕೈ ಮುಗದ್ರು, ಆಮ್ಯಾಲ ಫಡಕ್ಕ ಇಳದ್ರು.